ಹನ್ನೊಂದನೇ ಹಂದಿಯ ಕಿವಿ

"ಇದು ಹನ್ನೊಂದಲ್ರಿ ಯಕ್ಕಾ."

ಚಂದ್ರಬಾಯಿ ಲ್ಯಾಪ್‌ಟಾಪಿನ ಪರದೆಗೇ ಬೆರಳು ಒತ್ತಿ ಹೇಳಿದಳು. ಸುಗುಣಾ ಕನ್ನಡಕ ಏರಿಸಿಕೊಂಡು ಬಗ್ಗಿದಳು. ಫೋಟೋದಲ್ಲಿ ಆಗಷ್ಟೇ ಸತ್ತ ಹಂದಿಯೊಂದು ಸ್ಟೀಲ್ ಮೇಜಿನ ಮೇಲೆ ಮಲಗಿತ್ತು. ಬಲಗಿವಿಯಲ್ಲಿ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ದಪ್ಪ ಕಪ್ಪು ಅಂಕಿ.

"ಹನ್ನೊಂದು ಅಂತಲೇ ಬರ್ದುಂಟಲ್ಲ ಮಾರಾಯ್ತಿ."

"ಬಿಲ್ಲಿ ಹನ್ನೊಂದರದು ಖರೆ. ಹಂದಿ ಬ್ಯಾರೆ ಅದ."

ಸುಗುಣಾಳ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು.

ಬದಲಾಪುರದ ಹಂದಿ ಫಾರ್ಮಿನಿಂದ, ಅಲ್ಲಿ ಹಂದಿ ನೋಡಿಕೊಳ್ಳುತ್ತಿದ್ದ ಯಂಕಣ್ಣ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಒಂದು ಹಂದಿ ಕದ್ದು ಓಡಿಹೋದ ಎಂದು, ಅಲ್ಲಿ ಹದಿನಾರು ಹಂದಿ ಇಟ್ಟುಕೊಂಡು ಲಾಡಿಹುಳದ ಲಸಿಕೆಯ ಪ್ರಯೋಗ ನಡೆಸಿದ್ದ ಕಂಪನಿಯವರು ಪೊಲೀಸರಲ್ಲಿ ಬರೆಸಿ ಕೈ ತೊಳೆದುಕೊಂಡಿದ್ದರು. ಅಲ್ಲ ಎನ್ನುತ್ತಿದ್ದವಳು ಅವನ ಹೆಂಡತಿ ಈ ಚಂದ್ರಬಾಯಿ ಒಬ್ಬಳೇ.

ಸುಗುಣಾಗೆ ಹಂದಿಯ ವಿಚಾರ ಏನೇನೂ ಗೊತ್ತಿರಲಿಲ್ಲ. ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವಳದು ಮದುವೆ ವಿಚಾರಣೆಯ ಕಸುಬು. ಹುಡುಗ ಗುಟ್ಟಾಗಿ ಕುಡಿಯುತ್ತಾನೋ, ಹುಡುಗಿಗೆ ಬೇರೆಲ್ಲಾದರೂ ಮನಸ್ಸಿದೆಯೋ, ದುಬೈಯಲ್ಲಿ ಮ್ಯಾನೇಜರ್ ಅಂದವನು ನಿಜಕ್ಕೂ ಮ್ಯಾನೇಜರೋ, ಇಂಥವನ್ನೇ ಕೆದಕಿ ಕೆದಕಿ ಅವಳಿಗೆ ಮನುಷ್ಯರ ಮೇಲಿನ ನಂಬಿಕೆ ಮುಕ್ಕಾಲು ಪಾಲು ಹೋಗಿತ್ತು. ಉಳಿದ ಕಾಲು ಪಾಲನ್ನು ಹಿಡಿದುಕೊಂಡು ಈ ಕೇಸಿಗೆ ಕೈ ಹಾಕಿದ್ದಳು.

ಕಾಣೆಯಾದವನನ್ನು ಹುಡುಕಬೇಕೆಂದರೆ ಅವನದೊಂದು ಸರಿಯಾದ ಫೋಟೋ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿದ್ದ ಮುಖವನ್ನು ಹೆತ್ತ ತಾಯಿಯೂ ಗುರುತು ಹಿಡಿಯುವಂತಿರಲಿಲ್ಲ. ಹಾಗಾಗಿ ಕಂಪನಿಯ ಮಹಾಪೆ ಲ್ಯಾಬಿನ ವಿಜ್ಞಾನಿ ಪ್ರಣೀತಾಳನ್ನು ಕೇಳಿದ್ದಳು. ಆ ಹುಡುಗಿ ಹಿಂದೆಮುಂದೆ ನೋಡದೆ ಪೆನ್‌ಡ್ರೈವ್ ತುಂಬ ಹಂದಿಗಳ ಫೋಟೋ ಕೊಟ್ಟಿದ್ದಳು. ಎಲ್ಲದರಲ್ಲೂ ಹಂದಿಯನ್ನು ಹಿಡಿದು ನಿಂತವನು ಯಂಕಣ್ಣನೇ.

"ಎಡಗಿವಿ ನೋಡ್ರಿ. ಕೆಳಗ," ಎಂದಳು ಚಂದ್ರಬಾಯಿ. ಕುರ್ಚಿ ಕೊಟ್ಟರೂ ಬೇಡವೆಂದು ನೆಲದ ಮೇಲೇ ಕೂತಿದ್ದವಳು ಈಗ ಮೊಣಕಾಲೂರಿ ಎದ್ದಿದ್ದಳು.

ಎಡಗಿವಿಯ ಕೆಳ ಅಂಚಿನಲ್ಲಿ ಜೋಳದ ಕಾಳಿನಷ್ಟು ಅಗಲದ, ತ್ರಿಕೋನದ ಒಂದು ಕಚ್ಚು ಇತ್ತು.

"ಜಗಳಾಡಿ ಹರಿದುಕೊಂಡದ್ದೋ ಏನೋ."

"ಹರದದ್ದಲ್ರಿ. ನಮ್ಮ ಮನಿ ಕಚ್ಚು." ಅವಳ ದನಿಯಲ್ಲಿ ಇಷ್ಟು ದಿನ ಇಲ್ಲದ ಒಂದು ಗತ್ತು ಬಂತು. "ಊರಾಗ ಹಂದಿ ಬಿಟ್ಟು ಮೇಸ್ತೀವಲ್ರಿ. ಎಲ್ಲಾರವೂ ಕೂಡಿ ಓಡಾಡ್ತಾವ. ಯಾರವು ಯಾವು ಅಂತ ಹ್ಯಾಂಗ ಗೊತ್ತಾಗಬೇಕು? ಮನಿಗೊಂದು ಕಚ್ಚು. ಮರಿ ಹುಟ್ಟಿ ಮೂರು ದಿನಕ್ಕ ಬ್ಲೇಡ್ ತಗೊಂಡು ಹಾಕಿಬಿಡ್ತೀವಿ. ಎಡಗಿವಿ, ಕೆಳಗ, ಮೂರು ಮೂಲಿ, ಇದು ನಮ್ಮ ಮಾವನ ಕಾಲದ್ದು."

"ಫಾರ್ಮಿನ ಹಂದಿ ಕಂಪನಿದಲ್ಲವಾ? ಅದಕ್ಕೆ ಯಾಕೆ ನಿಮ್ಮ ಕಚ್ಚು?"

ಚಂದ್ರಬಾಯಿಗೆ ನಾಚಿಕೆಯಾಯಿತು. "ಕೈ ಸುಮ್ಮನಿರಂಗಿಲ್ಲರಿ. ಅಲ್ಲಿ ಹುಟ್ಟಿದ ಮರಿಗೆಲ್ಲ ಇವ್ರೇ ಬಾಣಂತನ ಮಾಡ್ಯಾರ. ಮರಿ ಕೈಗೆ ಬಂದ್ರ ಬ್ಲೇಡ್ ತಾನಾಗೇ ನೆನಪಾಗ್ತದ. ಸಾಹೇಬ್ರಿಗೆ ಗೊತ್ತಿಲ್ಲ. ಅವ್ರು ಬಿಲ್ಲಿ ನೋಡ್ತಾರ, ಕಿವಿ ಯಾರು ನೋಡ್ತಾರ?"

"ಹಾಗಾದ್ರೆ ಪ್ರಯೋಗದ ಹಂದಿಗಳಿಗೂ ಹಾಕಿದ್ದಾನಾ?"

"ಇಲ್ರಿ. ಆ ಹದಿನಾರು ಪುಣೆ ಕಡಿಂದ ಟೆಂಪೋದಾಗ ಬಂದಾವ. ದೊಡ್ಡವಾಗಿದ್ವು. ಅವಕ್ಕ ಹಾಕಿಲ್ಲ."

ಸುಗುಣಾ ಲೋಟ ಕೆಳಗಿಟ್ಟಳು. ಜೂನ್ ತಿಂಗಳ ಫೋಟೋ ತೆಗೆದಳು. ಲಸಿಕೆ ಹಾಕಿದ ದಿನದ್ದು. ಅದರಲ್ಲಿ ಹನ್ನೊಂದನೇ ಹಂದಿಯ ಎಡಗಿವಿ ತುಂಬಾ ಅಚ್ಚುಕಟ್ಟಾಗಿ, ಇಡಿಯಾಗಿ ಇತ್ತು. ಕಳೆದ ತಿಂಗಳು ಕೊಯ್ದ ದಿನದ ಹನ್ನೊಂದಕ್ಕೆ ಕಚ್ಚು. ಹದಿನಾರರಲ್ಲಿ ಬೇರೆ ಯಾವುದಕ್ಕೂ ಇಲ್ಲ.

"ಇನ್ನೊಂದು ನೋಡ್ರಿ," ಎಂದಳು ಚಂದ್ರಬಾಯಿ, ಮೆಲ್ಲಗೆ. "ಉಳಿದ ಹದಿನೈದು ಫೋಟೋದಾಗ ನಮ್ಮವ್ರು ಮೂತಿ ಹಿಡ್ದಾರ. ಇದೊಂದರಾಗ ಕಿವಿ ಹಿಡ್ದಾರ."

ಹೌದು. ಕ್ಯಾಮೆರಾಕ್ಕೆ ಬೇಕಾದದ್ದು ಬಿಲ್ಲೆಯಿದ್ದ ಬಲಗಿವಿ. ಯಂಕಣ್ಣ ಮಾತ್ರ ಎಡಗಿವಿಯನ್ನು ಎರಡು ಬೆರಳಿನ ನಡುವೆ ಹರಡಿ, ಕಚ್ಚು ಕಾಣುವ ಹಾಗೆ ಮುಂದಕ್ಕೆ ಹಿಡಿದಿದ್ದ. ಮುಖದಲ್ಲಿ ಏನೂ ಇರಲಿಲ್ಲ. ನೋಡುವವರು ನೋಡಲಿ ಎಂದು ಕೈ ಮಾತ್ರ ಹೇಳುತ್ತಿತ್ತು.

ಫಾರ್ಮಿನಲ್ಲಿ ಒಂದು ಹಂದಿ ಕಡಿಮೆ ಬಂತು, ಅದನ್ನೇ ಯಂಕಣ್ಣ ಕದ್ದ ಎಂದಿದ್ದರಲ್ಲ? ಆ ಕದ್ದ ಹಂದಿ ಇಲ್ಲೇ ಇತ್ತು. ಕಂಪನಿಯದೇ ಮೇಜಿನ ಮೇಲೆ, ಕಂಪನಿಯದೇ ಫೋಟೋದಲ್ಲಿ, ಬೇರೊಂದು ಹಂದಿಯ ಬಿಲ್ಲೆ ಹಾಕಿಕೊಂಡು ಮಲಗಿತ್ತು.

"ಯಂಕಣ್ಣ ಮನೆಯಲ್ಲಿ ಏನಾದ್ರೂ ಹೇಳಿದ್ನಾ? ಕೊನೆಯ ದಿನ?"

"ಇಪ್ಪತ್ತೈದನೇ ತಾರೀಖು ಮುಂಜಾನೆ ರೊಟ್ಟಿ ಕಟ್ಟಿಸ್ಕೊಂಡು ಹೋಗುವಾಗ ಅಂದ್ರು, ನಾಳಿ ಹೊರಗಿನ ಡಾಕ್ಟರು ತಪಾಸಕ್ಕ ಬರ್ತಾರ, ಅವರ ಮುಂದ ಒಂದು ಮಾತು ಹೇಳೋದದ, ಹೇಳಿದ್ರನ ನಿದ್ದಿ ಬರ್ತದ ಅಂತ. ಅಷ್ಟ." ಅವಳು ಸೆರಗಿನಿಂದ ಪರದೆಯನ್ನು ಒರೆಸಿದಳು, ಗಂಡನ ಮುಖವಿದ್ದ ಕಡೆ ಮಾತ್ರ. "ಈ ಔಷಧ ಆಗಲಿ ಅಂತ ಅವರಿಗೆ ಭಾಳ ಇತ್ತರಿ. ನನ್ನ ಮೈದುನ ಭೀಮು, ಅವಗ ತಲ್ಯಾಗ ಇದ ಹುಳ ಆಗಿ ಫಿಟ್ಸ್ ಬರ್ತಿದ್ವು. ನೀರು ಸೇದುವಾಗ ಬಂತು. ಬಾವ್ಯಾಗಿಂದ ಹೆಣ ಇವ್ರೇ ಎತ್ಯಾರ."

ಸಿಕ್ಕೇ ಸಿಗುತ್ತಾನೆ ಎಂಬ ಮಾತು ಸುಗುಣಾಳ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. ಎಷ್ಟೋ ತಾಯಂದಿರಿಗೆ, ಹುಡುಗ ಒಳ್ಳೆಯವನೇ ಎಂದು ಸುಳ್ಳು ಹೇಳಿ ಕೆಟ್ಟವಳಾಗಿದ್ದಳು. ಇವಳಿಗೆ ಹೇಳಲು ಮನಸ್ಸು ಬರಲಿಲ್ಲ.

"ಮನೆಗೆ ಹೋಗು. ಫೋನ್ ಕೈಯಲ್ಲೇ ಇಟ್ಕೋ. ಯಾರು ಬಂದು ಎಂತ ಕೇಳಿದ್ರೂ ಗೊತ್ತಿಲ್ಲ ಅನ್ನು," ಎಂದು ಅವಳನ್ನು ಕಲ್ಯಾಣ ಕಡೆಯ ಲೋಕಲ್ ಗಾಡಿಗೆ ಹತ್ತಿಸಿ, ತಾನು ಥಾಣೆ ಕಡೆಯ ಗಾಡಿ ಹಿಡಿದಳು.

ಥಾಣೆಯಲ್ಲಿ ಗಾಡಿ ಬದಲಿಸಿ ವಾಶಿ ಕಡೆಯದಕ್ಕೆ ಹತ್ತಿದಾಗ ಲೇಡೀಸ್ ಡಬ್ಬಿ ಅರ್ಧ ಖಾಲಿ. ಮೊಣಕಾಲು ನೋವಿಗೆ ದೇವರು ಕೊಟ್ಟ ಸೀಟು ಎಂದುಕೊಂಡು ಕಿಟಕಿಗೆ ಕೂತಳು. ಪ್ರಣೀತಾ ಮೊದಲ ದಿನ ಹೇಳಿಕೊಟ್ಟ ಪಾಠವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಂಡಳು.

ಲಾಡಿಹುಳ ಮನುಷ್ಯನ ಕರುಳಿನಲ್ಲಿ ಬೆಳೆಯುತ್ತದೆ. ಅದರ ಮೊಟ್ಟೆ ಬಯಲಿಗೆ ಬೀಳುತ್ತದೆ, ಹಂದಿ ತಿನ್ನುತ್ತದೆ. ಮೊಟ್ಟೆಯೊಡೆದು ಬಂದ ಮರಿ ಹಂದಿಯ ಮಾಂಸದಲ್ಲಿ ಅಕ್ಕಿಕಾಳಿನಂಥ ಗುಳ್ಳೆಯಾಗಿ ಕೂರುತ್ತದೆ. ಅದೇ ಮೊಟ್ಟೆ ಕೈಯಿಂದಲೋ ನೀರಿನಿಂದಲೋ ಮನುಷ್ಯನ ಹೊಟ್ಟೆ ಸೇರಿದರೆ ಗುಳ್ಳೆ ಮಿದುಳಿನಲ್ಲೂ ಏಳಬಹುದು, ಭೀಮುಗೆ ಎದ್ದ ಹಾಗೆ.

ಆ ಮರಿಹುಳದ ಮೈಯಲ್ಲಿರುವ ಒಂದು ಪ್ರೋಟೀನನ್ನು ಪ್ರಣೀತಾ ಏಳು ವರ್ಷ ಕೂತು ಲ್ಯಾಬಿನಲ್ಲಿ ತಯಾರಿಸಿದ್ದಳು. ಕಳ್ಳನ ಫೋಟೋವನ್ನು ಮೊದಲೇ ವಾಚ್‌ಮನ್ ಕೈಗೆ ಕೊಟ್ಟಿಡುವ ಹಾಗೆ, ಆ ಪ್ರೋಟೀನನ್ನು ಹಂದಿಗೆ ಮೊದಲೇ ಚುಚ್ಚಿಟ್ಟರೆ ನಿಜವಾದ ಹುಳ ಬಂದ ದಿನ ಮೈ ಅದನ್ನು ಗೇಟಿನಲ್ಲೇ ಹಿಡಿಯುತ್ತದೆ. ಹದಿನಾರು ಹಂದಿಗಳಲ್ಲಿ ಎಂಟಕ್ಕೆ ಈ ಲಸಿಕೆ, ಎಂಟಕ್ಕೆ ಬರೀ ಉಪ್ಪುನೀರು. ಆಮೇಲೆ ಹದಿನಾರಕ್ಕೂ ಹುಳದ ಮೊಟ್ಟೆ ತಿನ್ನಿಸಿ, ಮೂರು ತಿಂಗಳು ಕಾದು, ಕೊಯ್ದು, ಮಾಂಸವನ್ನು ತೆಳ್ಳಗೆ ಹೋಳು ಮಾಡಿ ಗುಳ್ಳೆ ಹುಡುಕಿದ್ದರು. ಲಸಿಕೆ ಹಾಕಿದ ಎಂಟರಲ್ಲಿ ಒಂದೇ ಒಂದು ಗುಳ್ಳೆಯೂ ಇಲ್ಲ ಎಂದು ಕಂಪನಿ ಪೇಪರಿನಲ್ಲಿ ಹಾಕಿಸಿಕೊಂಡಿತ್ತು. ಹನ್ನೊಂದು ಆ ಎಂಟರಲ್ಲಿ ಒಂದು.

ಗಾಡಿ ಐರೋಲಿ ಬಿಡುವಾಗ ಫೋನ್ ಹೊಡೆದುಕೊಂಡಿತು.

"ನಮಸ್ಕಾರ ಸುಗುಣಾ ಮೇಡಂ. ಶೈಲೇಶ್ ಮಾತಾಡ್ತಿರೋದು." ಕಂಪನಿಯ ಮಾಲೀಕ. ದನಿ ಎಣ್ಣೆ ಹಚ್ಚಿದಷ್ಟು ನಯವಾಗಿತ್ತು. "ನಮ್ಮ ಲ್ಯಾಬಿಗೆ ಹೊರಟಿದ್ದೀರಂತೆ?"

ಹೊರಟ ವಿಷಯ ಅವಳು ಹೇಳಿದ್ದು ಪ್ರಣೀತಾ ಒಬ್ಬಳಿಗೆ.

"ಪೆನ್‌ಡ್ರೈವ್ ವಾಪಸ್ ಕೊಡ್ಲಿಕ್ಕೆ ಉಂಟು ಸರ್."

"ಧಾರಾಳವಾಗಿ ಬನ್ನಿ. ನಾನು ಫಾರ್ಮಲ್ಲಿದ್ದೀನಿ, ಸಿಗೋಕಾಗಲ್ಲ. ಒಂದು ಮಾತು. ಆ ಹೆಂಗಸಿಗೆ ಸ್ವಲ್ಪ ಸಮಾಧಾನ ಹೇಳಿ ಮೇಡಂ. ಪಾಪ, ಇನ್ನು ಮೇಲೆ ಒಂಟಿ ಜೀವ. ನಾವೂ ಏನಾದ್ರೂ ದಾರಿ ಮಾಡ್ತೀವಿ."

ಫೋನ್ ಇಟ್ಟ ಮೇಲೂ ಸುಗುಣಾಳ ಕಿವಿಯಲ್ಲಿ ಆ ಮಾತೇ ಕೊರೆಯಿತು. ಓಡಿಹೋದ ಕಳ್ಳ ನಾಳೆ ಬೆಳಿಗ್ಗೆ ಬಂದು ಬಾಗಿಲು ತಟ್ಟಿದರೂ ತಟ್ಟಬಹುದು. ಈ ಮನುಷ್ಯ ಮಾತ್ರ ಯಂಕಣ್ಣ ಬರುವುದೇ ಇಲ್ಲ ಎಂಬಂತೆ ಮಾತಾಡಿದ್ದ. ಕಿಟಕಿಯಿಂದ ಬರುತ್ತಿದ್ದ ಡಿಸೆಂಬರಿನ ಬಿಸಿಲು ಮೈಗೆ ಹತ್ತಲೇ ಇಲ್ಲ.

ಘಣಸೋಲಿಯಲ್ಲಿ ಇಳಿದು ರಿಕ್ಷಾ ಹಿಡಿದು ಮಹಾಪೆ ಮುಟ್ಟಿದಾಗ ನಾಲ್ಕೂವರೆ. ಲ್ಯಾಬು ಮೂರನೇ ಮಹಡಿಯಲ್ಲಿ. ಪ್ರಣೀತಾ ಬಾಗಿಲಿಗೇ ಬಂದಳು. ಮೂವತ್ತೊಂದರ ಹುಡುಗಿ, ಕಾರ್ಕಳ ಕಡೆಯವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಐರೋಲಿಯಲ್ಲಿ. ಮೊದಲ ದಿನ ತುಳುವಿನಲ್ಲಿ ಮಾತಾಡಿಸಿದ್ದಕ್ಕೆ ಕುಣಿದಾಡಿದ್ದಳು. ಇವತ್ತೂ ನಗುತ್ತಿದ್ದಳು. ಆದರೆ ನಗು ಕಣ್ಣಿನವರೆಗೆ ಹೋಗಿರಲಿಲ್ಲ.

"ಆಂಟಿ, ಪ್ಲೀಸ್, ನಗ್ತಾ ಮಾತಾಡಿ," ಎಂದಳು, ಹಲ್ಲು ಬಿಟ್ಟುಕೊಂಡೇ. "ಮೇಲೆ ಕ್ಯಾಮೆರಾ ಇದೆ. ಆವಾಜ್ ಹೋಗಲ್ಲ, ಸಿರ್ಫ್ ಮುಖ. ಸರ್ ಮೊಬೈಲಲ್ಲಿ ನೋಡ್ತಾ ಇರ್ತಾರೆ."

ಸುಗುಣಾ ತಲೆಯೆತ್ತಲಿಲ್ಲ. ಗಂಡಿನ ಮನೆಗಳಿಗೆ ಹೋಗುವಾಗ ಹಾಕಿಕೊಳ್ಳುವ ನಗೆ ಹಾಕಿಕೊಂಡಳು. ಡೊಂಬಿವಲಿಯಲ್ಲಿ ಪ್ರಿಂಟ್ ತೆಗೆಸಿದ ಎರಡು ಫೋಟೋಗಳನ್ನು ಅವಳು ಹಳೆಯ ಮದುವೆ ಕಾಗದವೊಂದರೊಳಗೆ ಇಟ್ಟುಕೊಂಡು ತಂದಿದ್ದಳು. ಕ್ಯಾಮೆರಾಕ್ಕೆ ಬೆನ್ನು ಮಾಡಿ ಕೂತು, ಆಮಂತ್ರಣ ತೋರಿಸುವವಳ ಹಾಗೆ ಅದನ್ನು ಬಿಡಿಸಿದಳು.

"ಎರಡೂ ಹನ್ನೊಂದು. ನೋಡು ಮಗಾ."

ಪ್ರಣೀತಾ ನೋಡಿದಳು. "ಹಾಂ. ಒಂದು 'ಬಿಫೋರ್', ಒಂದು 'ಆಫ್ಟರ್'."

"ಎಡಗಿವಿ?"

"ಅರೇ, ಅದು ಫೈಟಿಂಗ್‌ನಲ್ಲಿ ಆಗುತ್ತೆ ಆಂಟಿ. ಹಂದಿಗಳು ಕಿವಿ ಕಚ್ಚಿಕೊಳ್ತವೆ."

"ಕಚ್ಚಿ ಹರಿದದ್ದಾದ್ರೆ ಅಂಚು ಜಾಳುಜಾಳಾಗಿ ಇರ್ಬೇಕಲ್ಲವಾ? ಇದು ಬ್ಲೇಡಿನಿಂದ ತೆಗೆದದ್ದು. ಮರಿಯಾಗಿದ್ದಾಗಲೇ ತೆಗೆದು, ಮಾಗಿ, ಅಂಚು ನುಣ್ಣಗಾಗಿ ರೋಮವೂ ಬಂದುಂಟು." ಸುಗುಣಾ ನಗುತ್ತಲೇ ಬೆರಳನ್ನು ಬಲಗಿವಿಗೆ ಸರಿಸಿದಳು. "ಈಗ ಇದನ್ನು ನೋಡು. ಬಿಲ್ಲೆ ಹಾಕಿ ಐದು ತಿಂಗಳಾಯ್ತು ಅಂತೀರಿ. ತೂತಿನ ಸುತ್ತ ಹಸಿ ರಕ್ತ ಯಾಕೆ ಉಂಟು?"

ಪ್ರಣೀತಾ ಫೋಟೋವನ್ನು ಕಣ್ಣಿನ ಹತ್ತಿರ ತಂದುಕೊಂಡಳು.

"ಕಚ್ಚು ಹಳೆಯದು, ಬಿಲ್ಲೆ ಹೊಸತು," ಎಂದಳು ಸುಗುಣಾ. "ಫಾರ್ಮಿನಲ್ಲಿ ಹುಟ್ಟಿದ ಹಂದಿಗೆಲ್ಲ ಯಂಕಣ್ಣ ಈ ಕಚ್ಚು ಹಾಕ್ತಿದ್ದ. ಅವನ ಮನೆತನದ ಗುರುತು. ನಿಮಗೆ ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ನೀವು ಯಾರೂ ಅವನನ್ನು ಒಂದು ಮಾತು ಕೇಳ್ಲಿಲ್ಲ. ನಗು ಮಗಾ, ನಗು. ಮೇಲಿನವರು ನೋಡ್ತಿದ್ದಾರೆ."

ಹುಡುಗಿ ನಕ್ಕಳು. ನಗುತ್ತಿದ್ದ ಹಾಗೇ ಕಣ್ಣು ತುಂಬಿತು.

"ಏಳು ಕ್ಲೀನ್ ಆಂಟಿ," ಎಂದಳು. "ಎಂಟರಲ್ಲಿ ಏಳು ನಿಜಕ್ಕೂ ಕ್ಲೀನ್. ನನ್ನ ಪ್ರೋಟೀನ್ ಕೆಲಸ ಮಾಡುತ್ತೆ. ಸಚ್ ಮೇ ಮಾಡುತ್ತೆ."

"ಏಳು ಸಾಲದಾ?"

"ನನಗೆ ಸಾಕಾಗಿತ್ತು. ಆದ್ರೆ ಶೈಲೇಶ್ ಸರ್ ಎಲ್ಲರಿಗೂ ಎಂಟಕ್ಕೆ ಎಂಟು ಅಂತ ಮೊದಲೇ ಹೇಳಿಬಿಟ್ಟಿದ್ದರು. ಕೊಯ್ಯೋ ಹಿಂದಿನ ದಿನ ಯಂಕಣ್ಣ ನನ್ನ ಹತ್ರ ಓಡಿ ಬಂದ. ಹಂದಿಯ ಬಾಯಲ್ಲಿ ಕೋಲು ಅಡ್ಡ ಇಟ್ಟು ನಾಲಗೆ ಎಳೆದು ಕೆಳಗೆ ಕೈಯಾಡಿಸಿ ನೋಡೋದು ಅವರ ಪದ್ಧತಿಯಂತೆ. 'ಮ್ಯಾಡಮ್, ಹನ್ನೊಂದರ ನಾಲಗಿ ಕೆಳಗ ಗುಳ್ಳಿ ಅದರಿ' ಅಂದ. ಎಷ್ಟು ಖುಷಿಯಿಂದ ಹೇಳಿದ ಗೊತ್ತಾ? ನನಗೆ ಸಹಾಯ ಮಾಡ್ತಿದ್ದೀನಿ ಅಂದ್ಕೊಂಡು."

"ನೀನು ಅದನ್ನು ಶೈಲೇಶನಿಗೆ ಹೇಳಿದೆ."

"ಹೇಳಿದೆ." ಪ್ರಣೀತಾ ಫೋಟೋವನ್ನು ಮಗುಚಿ ಇಟ್ಟಳು. "ಮಾರನೇ ದಿನ ಸರ್ ಫಾರ್ಮಿನ ಒಂದು ಹಂದಿ ತರಿಸಿದ್ರು. ಅದು ಮೊಟ್ಟೆ ತಿಂದೇ ಇರಲಿಲ್ಲ, ಗುಳ್ಳೆ ಬರೋ ಚಾನ್ಸೇ ಇಲ್ಲ. ಬಿಲ್ಲೆ ನಾನೇ ಚುಚ್ಚಿದೆ ಆಂಟಿ. ಈ ಕೈಯಿಂದ. ಹಂದಿ ಹಿಡ್ಕೊಂಡಿದ್ದು ಯಂಕಣ್ಣ. 'ಮ್ಯಾಡಮ್, ಇದು ಹನ್ನೊಂದಲ್ರಿ' ಅಂದ. ಸುಮ್ನಿರು ಅಂದೆ."

ಸುಗುಣಾಗೆ ಅವಳ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದೇ ಹೊತ್ತಿಗೆ ತಲೆ ನೇವರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡುವಂತಿರಲಿಲ್ಲ. ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿರಬೇಕು.

"ಯಂಕಣ್ಣ ಎಲ್ಲಿದ್ದಾನೆ?"

"ಊರಿಗೆ ಕಳಿಸಿದ್ದೀನಿ ಅಂದ್ರು ಸರ್. ಇಪ್ಪತ್ತಾರಕ್ಕೆ ಹೊರಗಿನ ಡಾಕ್ಟರು ಬರೋರಿದ್ದರು, ಅವರ ಹತ್ರ ಇವನು ಎಲ್ಲ ಹೇಳಿಬಿಡ್ತಾನೆ ಅಂತ ಡರ್. ಸ್ವಲ್ಪ ದಿನ ಊರಲ್ಲಿರಲಿ ಅಂತ."

"ಊರಿಗೆ ಕಳಿಸಿದವನ ಮೇಲೆ ಕಳ್ಳತನದ ಕಂಪ್ಲೇಂಟ್ ಯಾಕೆ ಕೊಟ್ಟರು? ಅದನ್ನು ಕೇಳಿದೆಯಾ?"

ಇಷ್ಟು ಓದಿದ ಹುಡುಗಿಗೆ ಆ ಪ್ರಶ್ನೆ ಹೊಳೆಯದೆ ಇರಲಿಲ್ಲ, ಹೊಳೆದದ್ದನ್ನು ಮುಚ್ಚಿಟ್ಟುಕೊಂಡಿದ್ದಳು ಅಷ್ಟೇ. ಸುಗುಣಾಗೆ ಸಿಟ್ಟು ನೆತ್ತಿಗೇರಿತು.

"ಅವನು ಊರಿಗೆ ಹೋಗಿಲ್ಲ. ಊರಿನಲ್ಲಿ ಅವನ ಅಕ್ಕ ಶರಣಬಸಮ್ಮ ದಿನಾ ಫೋನ್ ಮಾಡಿ ಅಳ್ತಾಳೆ. ಹೆಂಡತಿಗೂ ಒಂದು ಫೋನಿಲ್ಲ. ನಿಜವಾದ ಹನ್ನೊಂದು ಎಲ್ಲಿ? ಅದನ್ನೂ ಊರಿಗೆ ಕಳಿಸಿದ್ರಾ?"

"ಇಲ್ಲ, ಇಲ್ಲ, ಅದನ್ನು ಸುಟ್ಟಿದ್ದು. ಅದಕ್ಕೆ ಎಂಟ್ರಿ ಇದೆ." ಹುಡುಗಿ ಅವಸರದಿಂದ ಎದ್ದು ಕಪಾಟಿನಿಂದ ಒಂದು ಉದ್ದ ರಿಜಿಸ್ಟರ್ ತಂದಳು. ತಾನು ಹೇಳುವ ಒಂದಾದರೂ ಮಾತು ನಿಜವೆಂದು ತೋರಿಸುವ ಆತುರ ಅದು. "ಪ್ರಯೋಗ ಮುಗಿದ ಮೇಲೆ ಯಾವ ಹಂದಿಯನ್ನೂ ಹೊರಗೆ ಬಿಡುವಂತಿಲ್ಲ. ಫಾರ್ಮಲ್ಲೇ ದಹನದ ಒಲೆ ಇದೆ. ತೂಕ ಹಾಕಿ, ಬರೆದು, ಆಮೇಲೆ ಸುಡೋದು. ಮಂತ್ ಎಂಡ್‌ಗೆ ರಿಜಿಸ್ಟರ್ ಇಲ್ಲಿಗೆ ಬರುತ್ತೆ. ನಿನ್ನೆ ಬಂತು, ನಾನಿನ್ನೂ ತೆರೆದೂ ಇಲ್ಲ."

ಪುಟ ಬಿಚ್ಚಿದಳು. ನವೆಂಬರ್ ಇಪ್ಪತ್ನಾಲ್ಕು. ಹದಿನಾರು ಸಾಲು, ಹದಿನಾರು ಬಿಲ್ಲೆ ನಂಬರು. ಎಲ್ಲದರ ತೂಕ ಎಂಬತ್ತೈದರ ಮೇಲೆ. ಪ್ರತಿ ಸಾಲಿನ ಕೊನೆಗೆ ಪ್ರಣೀತಾಳ ಸಹಿ.

"ಇದು ಹದಿನೇಳನೆಯದು. ಇಪ್ಪತ್ನಾಲ್ಕು, ಸಂಜೆ ಐದು ಗಂಟೆ. ನಂಬರ್ ಇಲ್ಲ, 'ಪ್ರಯೋಗದ ತ್ಯಾಜ್ಯ' ಅಂತ ಬರೆದಿದ್ದಾರೆ. ತೊಂಬತ್ತೊಂದು ಕಿಲೋ. ಇದೇ ನಿಜವಾದ ಹನ್ನೊಂದು."

ಸುಗುಣಾಳ ಕಣ್ಣು ಆಗಲೇ ಒಂದು ಸಾಲು ಕೆಳಗೆ ಇಳಿದಿತ್ತು.

"ಮತ್ತೆ ಇದು?"

ಹದಿನೆಂಟನೇ ಸಾಲು. ಇಪ್ಪತ್ತೈದು, ಸಂಜೆ ಆರು ಗಂಟೆ ಹತ್ತು ನಿಮಿಷ. ಪ್ರಯೋಗದ ತ್ಯಾಜ್ಯ. ಐವತ್ತೆಂಟು ಕಿಲೋ. ಕೊನೆಗೆ ಅದೇ ಸಹಿ.

ಪ್ರಣೀತಾಳ ಮುಖದ ನಗು ಅಳಿಸಿಹೋಯಿತು. ಸುಗುಣಾ ಮೇಜಿನ ಕೆಳಗೆ ಅವಳ ತೊಡೆಯನ್ನು ಚಿವುಟಿದಳು. "ನಗು."

"ಇದು ನಾನು ಬರೆದಿದ್ದಲ್ಲ," ಎಂದಳು ಹುಡುಗಿ, ನಗಲು ಹೆಣಗುತ್ತ. "ಇಪ್ಪತ್ತೈದಕ್ಕೆ ನಾನು ಫಾರ್ಮಿಗೆ ಹೋಗೇ ಇಲ್ಲ. ಸಹಿ ನನ್ನದೇ. ಪುಟ ಪೂರ್ತಿ ಮೊದಲೇ ಸಹಿ ಹಾಕಿ ಕೊಟ್ಟಿರ್ತೀನಿ ಆಂಟಿ. ಮಹಾಪೆಯಿಂದ ಬದಲಾಪುರಕ್ಕೆ ಪ್ರತಿ ಸಲ ಯಾರು ಹೋಗ್ತಾರೆ? ಎಲ್ಲರೂ ಹಾಗೇ ಮಾಡೋದು."

"ಹಾಸಿನ ಹುಲ್ಲು, ಗ್ಲೌಸು, ಅಂಥದ್ದೇನಾದ್ರೂ ಸುಟ್ಟಿರಬಹುದಾ?"

"ಅದೆಲ್ಲ ಹಳದಿ ಚೀಲದಲ್ಲಿ ಬೇರೆ ಗಾಡಿಗೆ ಹೋಗುತ್ತೆ. ಈ ಒಲೆಗೆ ಸತ್ತ ಮೈ ಮಾತ್ರ."

ಸುಗುಣಾ ಮದುವೆ ಕಾಗದವನ್ನು ನಿಧಾನವಾಗಿ ಮಡಚಿದಳು.

"ಪ್ರಯೋಗದ್ದು ಹದಿನಾರು. ಅದರಲ್ಲಿ ಹದಿನೈದು ತಮ್ಮ ತಮ್ಮ ನಂಬರಿನಲ್ಲಿ ಸುಟ್ಟುಹೋದವು. ಹದಿನಾರನೆಯದು, ಈ ಹನ್ನೊಂದು, ತ್ಯಾಜ್ಯ ಅಂತ ಹೋಯ್ತು. ಅದರ ಜಾಗಕ್ಕೆ ಬಂದ ಫಾರ್ಮಿನ ಹಂದಿ ಹನ್ನೊಂದರ ನಂಬರಿನಲ್ಲಿ ಹೋಯ್ತು. ಫಾರ್ಮಿನಲ್ಲಿ ಎಷ್ಟು ಹಂದಿ ಕಡಿಮೆ ಅಂತ ಪೊಲೀಸರಿಗೆ ಬರೆಸಿದ್ದೀರಿ?"

"ಒಂದು."

"ಆ ಒಂದು ಸಿಕ್ಕಿತು. ಹಾಗಾದ್ರೆ ಈ ಹದಿನೆಂಟನೇ ಮೈ ಎಲ್ಲಿಂದ ಬಂತು ಮಗಾ?"

ಪ್ರಣೀತಾ ಬೆರಳು ಮಡಚಿ ಮಡಚಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹಂದಿ ಉಳಿಯಲಿಲ್ಲ. ಅವಳ ಕೈ ಬಾಯಿಗೆ ಹೋಯಿತು. ಇನ್ನು ನಗು ಎಂದು ಹೇಳಿ ಪ್ರಯೋಜನವಿರಲಿಲ್ಲ.

"ಯಂಕಣ್ಣನ ತೂಕ ಎಷ್ಟು?" ಕೇಳುವಾಗ ತನ್ನದೇ ದನಿ ಸುಗುಣಾಗೆ ಬೇರೆ ಯಾರದ್ದೋ ಅನ್ನಿಸಿತು.

"ನನಗೆ... ನನಗೆ ಹೇಗೆ ಗೊತ್ತಿರುತ್ತೆ? ಹೆಲ್ತ್ ಕಾರ್ಡಲ್ಲಿ ಇರುತ್ತೆ. ಹಂದಿ ಮುಟ್ಟೋರಿಗೆಲ್ಲ ಪ್ರತಿ ತಿಂಗಳು ಚೆಕಪ್ ಮಾಡಿಸ್ತೀವಿ. ಹುಳ ಇದೆಯಾ, ತೂಕ ಇಳಿದಿದೆಯಾ ಅಂತ. ಕಾರ್ಡು ಅವರವರ ಮನೆಯಲ್ಲೇ ಇರುತ್ತೆ."

ಸುಗುಣಾ ಫೋನ್ ತೆಗೆದಳು. ಒಂದೇ ರಿಂಗಿಗೆ ಚಂದ್ರಬಾಯಿ ಎತ್ತಿದಳು. ಫೋನ್ ಕೈಯಲ್ಲೇ ಇಟ್ಟುಕೊ ಎಂದಿದ್ದನ್ನು ಅಕ್ಷರಶಃ ಪಾಲಿಸಿದ್ದಳು, ಪಾಪ.

"ಹೇಳ್ರಿ ಯಕ್ಕಾ."

"ಯಂಕಣ್ಣನದೊಂದು ಕಾರ್ಡುಂಟಂತಲ್ಲ, ಕಂಪನಿಯವರು ತಿಂಗಳಿಗೊಮ್ಮೆ ತೂಕ ಮಾಡಿ ಬರೆದು ಕೊಡೋದು. ಅದು ಸಿಗ್ತದಾ?"

"ಅದರಿ, ಡಬ್ಬ್ಯಾಗ ಇಟ್ಟೀನಿ. ತಡೀರಿ." ಡಬ್ಬಿಯ ಮುಚ್ಚಳ ತೆಗೆದ ಸದ್ದು, ಕಾಗದ ಸರಿಸುವ ಸದ್ದು. "ಸಿಕ್ತರಿ. ಆದ್ರ ನನಗ ಓದಾಕ ಬರಂಗಿಲ್ಲಲ್ರಿ. ಅಂಕಿ ಅಷ್ಟ ಗೊತ್ತಾಗ್ತಾವ, ಒಂದೊಂದು."

"ಒಂದೊಂದೇ ಸಾಕು. ಕೊನೆಯ ಸಾಲಿನಲ್ಲಿ, ಎಲ್ಲಕ್ಕಿಂತ ಕೆಳಗೆ ಬರೆದದ್ದು ನೋಡಿ ಹೇಳು."

ಆ ಕಡೆ ಉಸಿರು ಮಾತ್ರ ಕೇಳಿಸುತ್ತಿತ್ತು. ಸುಗುಣಾ ಕಣ್ಣು ಮುಚ್ಚಿಕೊಂಡಳು. ಎಪ್ಪತ್ತೆನ್ನಲಿ, ಅರವತ್ತೈದೆನ್ನಲಿ, ಏನಾದರೂ ಬೇರೆ ಎನ್ನಲಿ ಎಂದು ತಾನು ನಂಬದ ದೇವರುಗಳನ್ನೆಲ್ಲ ಕರೆದಳು.

"ಮೊದಲ ಐದು ಅದರಿ," ಎಂದಳು ಚಂದ್ರಬಾಯಿ, ಬೆರಳಿಟ್ಟು ಓದುವವಳ ಎಚ್ಚರದಿಂದ. "ಅದರ ಬಾಜೂಕ ಎಂಟು."

ಸುಗುಣಾಳ ಬೆರಳು ರಿಜಿಸ್ಟರಿನ ಹದಿನೆಂಟನೇ ಸಾಲಿನ ಐವತ್ತೆಂಟರ ಮೇಲೆ ಬಂದು ನಿಂತಿತು.

"ಯಾಕ್ರಿ ಯಕ್ಕಾ? ನಮ್ಮವ್ರು ಸಿಕ್ಕಾರೇನ್ರಿ?"